ಸಾಫ್ಟ್‌ವೇರ್ ಆಮೇಲೆ, ಮೊದಲು ಫೈಲ್ ನೋಡಿ: ಎಚ್‌ಡಿ ವಿಡಿಯೊ ಕ್ಯಾಪ್ಚರ್ ಮತ್ತು ಎಡಿಟಿಂಗ್‌ಗೆ ಒಂದು ಮಾರ್ಗದರ್ಶಿ

"ಎಚ್‌ಡಿ ವಿಡಿಯೊ ಎಡಿಟ್ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಅಂತ ಕೇಳಿದವರಿಗೆಲ್ಲ ನಾನು ಹಾಕುವ ಮರುಪ್ರಶ್ನೆ ಒಂದೇ: "ನಿಮ್ಮ ಹತ್ತಿರ ಇರೋದು ಎಂಥ ಫೈಲು?" ಕೇಳಿದವರಿಗೆ ಸ್ವಲ್ಪ ಸಿಟ್ಟು ಬರುತ್ತದೆ. ಒಂದು ಹೆಸರು ಹೇಳಿ ಅಂದ್ರೆ ತನಿಖೆ ಶುರು ಮಾಡಿದ್ರಲ್ಲ ಅನ್ನುವ ಮುಖ ಮಾಡುತ್ತಾರೆ. ಆದರೆ ಬೇರೆ ದಾರಿ ಇಲ್ಲ. ಒಬ್ಬರ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುವ ಎಡಿಟರ್ ಇನ್ನೊಬ್ಬರಲ್ಲಿ ಪ್ಲೇ ಒತ್ತಿದ ಕೂಡಲೇ ತೆವಳುತ್ತದೆ. ಎಡಿಟರ್ ಅದೇ. ಬೇರೆಯಾಗಿದ್ದು ಫೈಲು, ಮತ್ತೆ ಅದನ್ನು ಹೊರಬೇಕಾದ ಯಂತ್ರ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಒಮ್ಮೆ ಒಂದೇ ವಾರದಲ್ಲಿ ಐದು ಎಡಿಟರ್ ಹಾಕಿ, ಐದನ್ನೂ ಬೈದು ತೆಗೆದುಹಾಕಿದ್ದೆ. ಎಲ್ಲದರಲ್ಲೂ ಅದೇ ಕಾಟ. ಚಿತ್ರ ತಡವರಿಸುತ್ತದೆ, ಹತ್ತು ನಿಮಿಷ ಆಗುವಷ್ಟರಲ್ಲಿ ಮಾತು ತುಟಿಯನ್ನು ಬಿಟ್ಟು ಮುಂದೆ ಓಡಿರುತ್ತದೆ. ಕೊನೆಗೆ ನೋಡಿದರೆ ತಕರಾರು ಇದ್ದದ್ದು ಫೋನಿನಿಂದ ಬಂದ ಫೈಲಿನಲ್ಲಿ. ಅದನ್ನು ಬೇರೆ ರೂಪಕ್ಕೆ ಬದಲಿಸಿದ್ದೇ ತಡ, ಮೊದಲ ದಿನ ಬೈದು ತೆಗೆದಿದ್ದ ಎಡಿಟರ್‌ನಲ್ಲೇ ಕೆಲಸ ಮುಗಿಯಿತು. ಹಾಗಾಗಿ ಈ ಲೇಖನ ಸಾಫ್ಟ್‌ವೇರ್ ಪಟ್ಟಿಯಿಂದ ಶುರುವಾಗುವುದಿಲ್ಲ. ಪಟ್ಟಿ ಬರುವುದು ನಾಲ್ಕನೇ ಹಂತದಲ್ಲಿ.

ಹಂತ 1: ಫೈಲಿನ ಜಾತಕ ತೆಗೆಯಿರಿ

ಮೀಡಿಯಾಇನ್ಫೋ ಅನ್ನುವ ಪುಟ್ಟ ಉಚಿತ ಪ್ರೋಗ್ರಾಂ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ನಿಮ್ಮ ವಿಡಿಯೊ ಫೈಲನ್ನು ಅದರ ಮೇಲೆ ಎಳೆದು ಬಿಡಿ. ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ಅದರಲ್ಲಿ ಬರೆದುಕೊಳ್ಳಬೇಕಾದದ್ದು ಕೆಲವೇ ಸಾಲು: ಕೋಡೆಕ್ (ವಿಡಿಯೊವನ್ನು ಹಿಂಡಿಟ್ಟ ವಿಧಾನ) ಯಾವುದು, ಅಗಲ ಎತ್ತರ ಎಷ್ಟು, ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಚಿತ್ರಗಳು, ಅಂದರೆ ಫ್ರೇಮ್‌ಗಳು) ಎಷ್ಟು ಮತ್ತು ಅದು ಸ್ಥಿರವೋ ಏರಿಳಿಯುವುದೋ, ಬಿಟ್‌ರೇಟ್ (ಸೆಕೆಂಡಿಗೆ ತುಂಬಿದ ಮಾಹಿತಿ) ಎಷ್ಟು, ಬಣ್ಣ 8 ಬಿಟ್ಟೋ 10 ಬಿಟ್ಟೋ (ಬಿಟ್ ಹೆಚ್ಚಿದಷ್ಟೂ ಬಣ್ಣದ ಛಾಯೆಗಳು ಜಾಸ್ತಿ), ಸ್ಕ್ಯಾನ್ ಪ್ರೋಗ್ರೆಸಿವೋ (ಇಡೀ ಚಿತ್ರ ಒಟ್ಟಿಗೆ) ಇಂಟರ್‌ಲೇಸ್ಡೋ (ಅರ್ಧರ್ಧವಾಗಿ).

ಇಲ್ಲಿ ಒಂದು ಗೊಂದಲ ಬಿಡಿಸಿಬಿಡೋಣ. ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಬರೀ ಡಬ್ಬಿಗಳು. ಒಳಗೆ ಏನಿದೆ ಅನ್ನುವುದನ್ನು ಹೇಳುವುದು ಕೋಡೆಕ್. "ನಂದು ಎಂಪಿ4 ಫೈಲು" ಅಂದರೆ ಏನೂ ಹೇಳಿದಂತಾಗಲಿಲ್ಲ.

ನನ್ನ ಮುಂದೆ ಈಗ ಎರಡು ಕ್ಲಿಪ್ ಇವೆ. ಎರಡೂ ಎಂಪಿ4, ಎರಡೂ 1920 × 1080, ಎರಡೂ ಒಂದೊಂದು ನಿಮಿಷದವು. ಮೊದಲನೆಯದು ಒಂದು ಕ್ಯಾಮೆರಾದ್ದು. ಮೀಡಿಯಾಇನ್ಫೋ ಹೇಳುವುದು: ಎವಿಸಿ, ಅಂದರೆ ಎಚ್.264. ಫ್ರೇಮ್ ರೇಟ್ 25, ಸ್ಥಿರ. 8 ಬಿಟ್. ಎರಡನೆಯದು ಫೋನಿನದ್ದು: ಎಚ್‌ಇವಿಸಿ, ಅಂದರೆ ಎಚ್.265. ಫ್ರೇಮ್ ರೇಟ್ 'ವೇರಿಯಬಲ್', ಸರಾಸರಿ 29.8ರ ಆಸುಪಾಸು. 10 ಬಿಟ್. ಫೈಲ್ ಮ್ಯಾನೇಜರ್‌ನಲ್ಲಿ ನೋಡಿದರೆ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಎಡಿಟರ್‌ಗೆ ಹಾಕಿದಾಗ ಮೊದಲನೆಯದು ಹೇಳಿದಂತೆ ಕೇಳುತ್ತದೆ, ಎರಡನೆಯದು ಮೊಂಡು ಹಿಡಿಯುತ್ತದೆ.

ಯಾಕೆ? ಎಚ್.264 ಆಗಲಿ ಎಚ್‌ಇವಿಸಿ ಆಗಲಿ ಪ್ರತಿ ಫ್ರೇಮನ್ನೂ ಪೂರ್ತಿ ಇಟ್ಟುಕೊಳ್ಳುವುದಿಲ್ಲ. ಒಂದು ಪೂರ್ತಿ ಚಿತ್ರ ಇಡುತ್ತವೆ. ಅದರ ಅಕ್ಕಪಕ್ಕದ ಫ್ರೇಮ್‌ಗಳಲ್ಲಿ ಏನೇನು ಬದಲಾಯಿತು ಅನ್ನುವ ಲೆಕ್ಕ ಮಾತ್ರ ಇರುತ್ತದೆ. ಸುಮ್ನೆ ಪ್ಲೇ ಮಾಡುತ್ತಾ ಹೋದರೆ ಕಂಪ್ಯೂಟರ್ ಆ ಲೆಕ್ಕವನ್ನು ಸಾಲಾಗಿ ಬಿಡಿಸುತ್ತಾ ಹೋಗುತ್ತದೆ. ಆದರೆ ಎಡಿಟ್ ಮಾಡುವಾಗ ನಾವು ಹಾಗೆ ನೋಡುವುದಿಲ್ಲ, ಅಲ್ವಾ? ಹಿಂದಕ್ಕೆ ಎಳೆಯುತ್ತೇವೆ, ಮುಂದಕ್ಕೆ ಹಾರುತ್ತೇವೆ, ಯಾವುದೋ ಒಂದು ಫ್ರೇಮಿನ ಮೇಲೆ ನಿಲ್ಲುತ್ತೇವೆ. ಪ್ರತಿ ಸಲವೂ ಅದು ಹಿಂದಿನ ಪೂರ್ತಿ ಚಿತ್ರದವರೆಗೆ ಓಡಿ, ಅಲ್ಲಿಂದ ಲೆಕ್ಕ ಬಿಡಿಸಿಕೊಂಡು ವಾಪಸ್ ಬರಬೇಕು. "ವಿಎಲ್‌ಸಿ ಪ್ಲೇಯರ್‌ನಲ್ಲಿ ಚೆನ್ನಾಗೇ ಓಡುತ್ತೆ, ಎಡಿಟರ್‌ನಲ್ಲಿ ಯಾಕೆ ಓಡಲ್ಲ?" ಅನ್ನುವ ದೂರಿಗೆ ಉತ್ತರ ಇದೇ. ಎಚ್‌ಇವಿಸಿಯಲ್ಲಿ ಆ ಲೆಕ್ಕ ಇನ್ನೂ ಕಗ್ಗಂಟು.

ಏರಿಳಿಯುವ ಫ್ರೇಮ್ ರೇಟ್‌ನ ಕಥೆ ಬೇರೆ. ಬೆಳಕು ಕಮ್ಮಿಯಾದಾಗ, ಬಿಸಿಯಾದಾಗ ಫೋನು ಸೆಕೆಂಡಿಗೆ ತೆಗೆಯುವ ಫ್ರೇಮ್‌ಗಳನ್ನು ತನ್ನಷ್ಟಕ್ಕೆ ಇಳಿಸುತ್ತದೆ. ಧ್ವನಿ ಮಾತ್ರ ಗಡಿಯಾರದ ಹಾಗೆ ಓಡುತ್ತಿರುತ್ತದೆ. ಟೈಮ್‌ಲೈನ್ (ಎಡಿಟರ್‌ನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಪ್ರತಿ ಫ್ರೇಮಿಗೂ ಒಂದೇ ಅಳತೆ ಅಂದುಕೊಂಡರೆ ಮುಗಿಯಿತು: ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಇದಕ್ಕೆ ಔಷಧ ಸುಲಭ. ಎಡಿಟ್‌ಗೆ ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ 'ಕಾನ್‌ಸ್ಟೆಂಟ್ ಫ್ರೇಮ್ ರೇಟ್' ಆರಿಸಿ ಒಮ್ಮೆ ಹೊರತೆಗೆಯಿರಿ. ಫ್ರೇಮ್ ರೇಟ್ ಜಾಗದಲ್ಲಿ 30 ಅಂತ ನೀವೇ ಹಾಕಿ, ಗುಣಮಟ್ಟದ ಅಂಕಿ 18ರ ಹತ್ತಿರ ಇಡಿ. ಅಂಕಿ ಚಿಕ್ಕದಾದಷ್ಟೂ ಗುಣಮಟ್ಟ ಜಾಸ್ತಿ, ಫೈಲೂ ದೊಡ್ಡದು.

ಇಂಟರ್‌ಲೇಸ್ಡ್ ಅಂತ ಬಂದರೆ ಅದನ್ನೂ ಗುರುತು ಹಾಕಿಕೊಳ್ಳಿ. ಹಳೆಯ ಕ್ಯಾಮ್‌ಕಾರ್ಡರ್‌ಗಳ 1080ಐ ಫೂಟೇಜ್‌ನಲ್ಲಿ ಒಂದು ಫ್ರೇಮ್ ಅಂದರೆ ಎರಡು ಅರ್ಧಗಳು. ಸಮ ಸಾಲುಗಳು ಒಂದು ಕ್ಷಣದವು, ಬೆಸ ಸಾಲುಗಳು ಇನ್ನೊಂದು ಕ್ಷಣದವು. ಯಾರಾದರೂ ಕೈ ಬೀಸಿದರೆ ಬೆರಳಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುವುದು ಇದಕ್ಕೇ. ಇಂಥ ಫೂಟೇಜ್ ಇದ್ದವರು ಆ ಅರ್ಧಗಳನ್ನು ಪೂರ್ತಿ ಚಿತ್ರವಾಗಿಸುವ ಡೀಇಂಟರ್‌ಲೇಸ್ ಸೌಲಭ್ಯ ಇರುವ ಎಡಿಟರನ್ನೇ ಹುಡುಕಬೇಕು.

ಹಂತ 2: ಕಂಪ್ಯೂಟರಿಗೆ ಅದು ಬರುವ ದಾರಿ ಯಾವುದು?

'ಕ್ಯಾಪ್ಚರ್' ಅನ್ನುವ ಪದ ಜನರನ್ನು ಸುಮ್ನೆ ದಾರಿ ತಪ್ಪಿಸುತ್ತದೆ. ಮೆಮೊರಿ ಕಾರ್ಡ್‌ನಲ್ಲಿ ಚಿತ್ರೀಕರಿಸಿದವರಿಗೆ ಕ್ಯಾಪ್ಚರ್ ಸಾಫ್ಟ್‌ವೇರ್ ಬೇಕಾಗಿಯೇ ಇಲ್ಲ. ಅವರದು ಬರೀ ಕಾಪಿ ಕೆಲಸ. ಆದರೆ ಆ ಕಾಪಿಯಲ್ಲೂ ಒಂದು ಹಳ್ಳ ಇದೆ, ನಾನು ಬಿದ್ದದ್ದು.

ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ 2006ರಲ್ಲಿ ತಂದ ಎವಿಸಿಎಚ್‌ಡಿ ಅನ್ನುವ ಮಾದರಿಯಲ್ಲಿ ಕಾರ್ಡ್ ಒಳಗೆ ಫೋಲ್ಡರ್‌ನೊಳಗೆ ಫೋಲ್ಡರ್, ಅದರೊಳಗೆ ಇನ್ನೊಂದು ಇರುತ್ತದೆ. ಕಡೆಯಲ್ಲಿ 'ಸ್ಟ್ರೀಮ್' ಫೋಲ್ಡರಿನಲ್ಲಿ ಎಂಟಿಎಸ್ ಫೈಲ್‌ಗಳು. ನನಗೆ ಜಾಣತನ ತೋರಿಸುವ ಆಸೆ. ಬೇಡದ ಫೋಲ್ಡರ್ ಯಾಕೆ ಅಂತ ಎಂಟಿಎಸ್ ಫೈಲ್‌ಗಳನ್ನು ಮಾತ್ರ ಎತ್ತಿಕೊಂಡು ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ. ಒಂದು ಗಂಟೆಯ ಒಂದೇ ಶಾಟ್ ಹಲವು ತುಂಡಾಗಿ ಕೂತಿತ್ತು. ಇಂಥ ಕಾರ್ಡುಗಳ ಫೈಲ್ ಸಿಸ್ಟಮ್ 4 ಜಿಬಿಗಿಂತ ದೊಡ್ಡ ಫೈಲನ್ನು ಇಟ್ಟುಕೊಳ್ಳುವುದಿಲ್ಲ, ಅದಕ್ಕೇ ಕ್ಯಾಮೆರಾ ಕತ್ತರಿಸುತ್ತಾ ಹೋಗುತ್ತದೆ. ತುಂಡುಗಳನ್ನು ಟೈಮ್‌ಲೈನ್‌ನಲ್ಲಿ ಒಂದರ ಪಕ್ಕ ಒಂದು ಇಟ್ಟೆ. ಪ್ರತಿ ಸೇರುವೆಯಲ್ಲೂ ಹಾಡಿನ ನಡುವೆ ಒಂದು ಸಣ್ಣ 'ಟಕ್', ಜೊತೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಮೌನ. ಆ ತುಂಡುಗಳನ್ನು ಹೇಗೆ ಹೊಲಿಯಬೇಕು ಅನ್ನುವ ಮಾಹಿತಿ ನಾನು ಬೇಡ ಅಂದ ಫೋಲ್ಡರ್‌ಗಳಲ್ಲಿತ್ತು. ಕಾರ್ಡ್‌ನ ಇಡೀ ರಚನೆಯನ್ನು ಹಾಗೇ ಕಾಪಿ ಮಾಡಿ. ಆರಿಸುವ ಎಡಿಟರ್ ಆ ರಚನೆಯನ್ನು ಓದಿ ತುಂಡುಗಳನ್ನು ತಾನೇ ಸೇರಿಸುತ್ತದೆಯೇ ಅಂತಲೂ ನೋಡಿ.

ಎರಡನೇ ದಾರಿ ಟೇಪ್. ಎಚ್‌ಡಿವಿ 2003ರಲ್ಲಿ ಬಂದದ್ದು, ಪುಟ್ಟ ಮಿನಿಡಿವಿ ಕ್ಯಾಸೆಟ್ ಮೇಲೆಯೇ ಎಂಪೆಗ್-2 ರೂಪದಲ್ಲಿ ಎಚ್‌ಡಿ ಹಿಡಿಯುತ್ತಿತ್ತು. ಕಪಾಟಿನಲ್ಲಿ ಇಂಥ ಕ್ಯಾಸೆಟ್ ಇಟ್ಟುಕೊಂಡವರು ಇಂದಿಗೂ ಬಹಳ ಜನ ಇದ್ದಾರೆ. ಇದಕ್ಕೆ ಬೇಕಾದದ್ದು ಹಳೆಯ ಕ್ಯಾಮೆರಾಗಳನ್ನು ಕಂಪ್ಯೂಟರಿಗೆ ಸೇರಿಸುವ ಫೈರ್‌ವೈರ್ ಕೇಬಲ್, ಅದಕ್ಕೆ ಜಾಗ ಇರುವ ಕಂಪ್ಯೂಟರ್, ಮತ್ತು ಟೇಪ್ ಓಡಿಸುವ ಕ್ಯಾಮೆರಾ. ಫೈರ್‌ವೈರ್ ಮೂಲಕ ತೆಗೆದರೆ ಟೇಪ್‌ನಲ್ಲಿದ್ದ ಅಂಕಿಗಳು ಇದ್ದ ಹಾಗೇ ಬರುತ್ತವೆ, ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ. ಒಂದು ಗಂಟೆಯ ಟೇಪ್‌ಗೆ ಒಂದು ಗಂಟೆ ಹಿಡಿಯುತ್ತದೆ, ಅವಸರ ಮಾಡಲು ಆಗುವುದಿಲ್ಲ. ವಿಂಡೋಸ್‌ನಲ್ಲಿ ಎಚ್‌ಡಿವಿಸ್ಪ್ಲಿಟ್, ಲಿನಕ್ಸ್‌ನಲ್ಲಿ ಡಿವಿಗ್ರ್ಯಾಬ್ ಹಳೆಯವಾದರೂ ಕೆಲಸಕ್ಕೆ ಬರುತ್ತವೆ. ಮ್ಯಾಕ್ ಇರುವವರು ಎಚ್ಚರ: 2025ರ ಮ್ಯಾಕ್‌ಓಎಸ್ ಟಾಹೋದಲ್ಲಿ ಆಪಲ್ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿದೆ. ಹಳೆಯ ಆವೃತ್ತಿ ಓಡುವ ಯಂತ್ರ ಇದ್ದರೆ ಅದನ್ನು ಅಪ್‌ಡೇಟ್ ಮಾಡದೆ ಹಾಗೇ ಇಟ್ಟುಕೊಳ್ಳಿ.

ಎಚ್‌ಡಿವಿಯ 1080 ಫೂಟೇಜ್ ನಿಜವಾಗಿ ಇರುವುದು 1440 × 1080. ತೋರಿಸುವಾಗ ಅಡ್ಡಡ್ಡ ಎಳೆದು 1920 ಮಾಡಬೇಕು. ಎಡಿಟರ್‌ಗೆ ಇದು ಅರ್ಥವಾಗದಿದ್ದರೆ ಎಲ್ಲರೂ ಒಣಗಿದ ಕಡ್ಡಿಗಳಂತೆ ಕಾಣುತ್ತಾರೆ. ಹಾಕಿದ ಕೂಡಲೇ ಚಿತ್ರದಲ್ಲಿ ಯಾವುದಾದರೂ ಗುಂಡಗಿನ ವಸ್ತು ಹುಡುಕಿ. ಚಕ್ರ ಮೊಟ್ಟೆಯಾಕಾರ ಆಗಿದ್ದರೆ ಪಿಕ್ಸೆಲ್ ಆಸ್ಪೆಕ್ಟ್ ಸೆಟ್ಟಿಂಗ್ ತಪ್ಪಿದೆ ಅಂತ ಅರ್ಥ.

ಮೂರನೇ ದಾರಿ ಎಚ್‌ಡಿಎಂಐ ಕ್ಯಾಪ್ಚರ್. ಕ್ಯಾಮೆರಾ, ಗೇಮ್ ಕನ್ಸೋಲ್, ಇನ್ನೊಂದು ಕಂಪ್ಯೂಟರಿನ ಪರದೆ, ಯಾವುದರದ್ದೇ ಆಗಲಿ ಓಡುವ ಚಿತ್ರವನ್ನು ಹಿಡಿಯುವುದು. ನಿಜವಾದ ಕ್ಯಾಪ್ಚರ್ ಸಾಫ್ಟ್‌ವೇರ್ ಬೇಕಾಗುವುದು ಇಲ್ಲಿ. ನನ್ನ ಸಲಹೆ ಅಳೆದು ಸುರಿಯದೆ ಹೇಳುವುದಾದರೆ ಓಬಿಎಸ್ ಸ್ಟುಡಿಯೊ. ಉಚಿತ, ಮುಕ್ತ ತಂತ್ರಾಂಶ, ಮೂರೂ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಓಡುತ್ತದೆ. ಕ್ಯಾಪ್ಚರ್ ಪೆಟ್ಟಿಗೆ (ಎಚ್‌ಡಿಎಂಐ ಚಿತ್ರವನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುವ ಸಾಧನ) ಜೊತೆ ಬರುವ ತಯಾರಕರ ಪ್ರೋಗ್ರಾಂ ಸುಲಭ ಅನಿಸಬಹುದು, ಆದರೆ ಅದರಲ್ಲಿ ಕೈ ಹಾಕಲು ಸೆಟ್ಟಿಂಗ್‌ಗಳು ಕಮ್ಮಿ.

ಕ್ಯಾಪ್ಚರ್ ಪೆಟ್ಟಿಗೆ ಆರಿಸುವಾಗ ಮೇಲಿನ ಬರಹ ನಂಬಬೇಡಿ. "4ಕೆ" ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದು ಒಳಗೆ ತೆಗೆದುಕೊಳ್ಳುವ ಸಿಗ್ನಲ್, ಹಿಡಿಯುವುದು ಬರೀ 1080 ಆಗಿರಬಹುದು. ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ 60 ಫ್ರೇಮ್‌ನ 1080 ಚಿತ್ರವನ್ನು ಹಿಂಡದೆ ಕಳಿಸಲು ಸೆಕೆಂಡಿಗೆ ಸುಮಾರು 2000 ಮೆಗಾಬಿಟ್ ಬೇಕು. ಯುಎಸ್‌ಬಿ 2ರ ಕಾಗದದ ಮೇಲಿನ ವೇಗವೇ 480 ಮೆಗಾಬಿಟ್. ಹಾಗಾಗಿ ಯುಎಸ್‌ಬಿ 2 ಪೆಟ್ಟಿಗೆಗಳು ಚಿತ್ರವನ್ನು ಮೋಷನ್ ಜೆಪೆಗ್‌ಗೆ ಹಿಂಡಿ ಕಳಿಸುತ್ತವೆ, ಚಿಕ್ಕ ಅಕ್ಷರಗಳ ಅಂಚು ಮಸುಕಾಗುತ್ತದೆ. ವೀಡಿಯೊ ಕಾಲ್‌ಗೆ ಸಾಕು, ಎಡಿಟ್‌ಗೆ ಯುಎಸ್‌ಬಿ 3ರದ್ದೇ ತೆಗೆದುಕೊಳ್ಳಿ.

ಪರದೆ ಪೂರ್ತಿ ಕಪ್ಪಾಗಿ ಬಂದರೆ ಪೆಟ್ಟಿಗೆ ಕೆಟ್ಟಿದೆ ಅಂದುಕೊಳ್ಳಬೇಡಿ. ಎಚ್‌ಡಿಸಿಪಿ ಅನ್ನುವ ನಕಲು ತಡೆ ಇರುವ ಸಿಗ್ನಲ್ ಹಾಗೇ ಬರುತ್ತದೆ. ಪ್ಲೇಸ್ಟೇಷನ್ 5ರಂಥ ಕನ್ಸೋಲ್‌ನಲ್ಲಿ ಆಟಗಳಿಗಾಗಿ ಅದನ್ನು ಸೆಟ್ಟಿಂಗ್‌ನಲ್ಲೇ ಆಫ್ ಮಾಡಬಹುದು. ಕ್ಯಾಮೆರಾ ಆದರೆ ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲ ಚಿತ್ರದ ಮೇಲೆ ಬರುತ್ತಿದೆಯಾ ನೋಡಿ. ಇವಿಲ್ಲದ ಬರೀ ಚಿತ್ರ ಕೊಡುವುದಕ್ಕೆ 'ಕ್ಲೀನ್ ಎಚ್‌ಡಿಎಂಐ' ಅನ್ನುತ್ತಾರೆ. ಎಲ್ಲ ಕ್ಯಾಮೆರಾಗಳೂ ಕೊಡುವುದಿಲ್ಲ.

ಓಬಿಎಸ್‌ನಲ್ಲಿ ಮೊದಲು ಮುಟ್ಟಬೇಕಾದ ಜಾಗಗಳು ಇಷ್ಟು. ವಿಡಿಯೊ ವಿಭಾಗದಲ್ಲಿ ಕ್ಯಾನ್ವಾಸ್ ಮತ್ತು ಔಟ್‌ಪುಟ್ ಅಳತೆ ಎರಡೂ 1920 × 1080. ಫ್ರೇಮ್ ರೇಟ್ ಮೂಲದಲ್ಲಿ ಎಷ್ಟಿದೆಯೋ ಅಷ್ಟೇ. ಆಡಿಯೊ 48 ಕಿಲೋಹರ್ಟ್ಸ್. ರೆಕಾರ್ಡಿಂಗ್‌ಗೆ ಬಿಟ್‌ರೇಟ್ ಕಟ್ಟಿಹಾಕಬೇಡಿ, ಗುಣಮಟ್ಟ ಹಿಡಿದು ಲೆಕ್ಕ ಹಾಕುವ ಸಿಆರ್‌ಎಫ್ ಅಥವಾ ಸಿಕ್ಯೂಪಿ ಆರಿಸಿ 16ರಿಂದ 20ರ ನಡುವೆ ಇಡಿ. ಬಣ್ಣ ತೊಳೆದಂತೆ ಮಂಕಾಗಿ ಬಂದರೆ ಕ್ಯಾಪ್ಚರ್ ಸಾಧನದ ಪ್ರಾಪರ್ಟೀಸ್‌ನಲ್ಲಿ 'ಕಲರ್ ರೇಂಜ್' ನೋಡಿ. ಒಂದು ಕಡೆ ಫುಲ್, ಇನ್ನೊಂದು ಕಡೆ ಲಿಮಿಟೆಡ್ ಆಗಿರುತ್ತದೆ, ಎರಡನ್ನೂ ಒಂದೇ ಮಾಡಿ.

ರೆಕಾರ್ಡ್ ಆಗುವ ಡಬ್ಬಿ ಮಾತ್ರ ಎಂಕೆವಿ ಇರಲಿ. ಎರಡು ಗಂಟೆಯ ಒಂದು ಉಪನ್ಯಾಸವನ್ನು ನಾನು ನೇರ ಎಂಪಿ4ಗೆ ಹಿಡಿಯುತ್ತಿದ್ದೆ. ಕೊನೆಯ ಐದು ನಿಮಿಷ ಇದೆ ಅನ್ನುವಾಗ ಕರೆಂಟ್ ಹೋಯಿತು. ಡಿಸ್ಕ್‌ನಲ್ಲಿ ದಪ್ಪದೊಂದು ಫೈಲ್ ಇತ್ತು, ಯಾವ ಪ್ಲೇಯರೂ ತೆರೆಯಲಿಲ್ಲ. ಸಾಮಾನ್ಯ ಎಂಪಿ4 ತನ್ನ ಒಳಗಿನ ಪರಿವಿಡಿಯನ್ನು ರೆಕಾರ್ಡಿಂಗ್ ಮುಗಿಸುವಾಗ ಬರೆಯುತ್ತದೆ. ಮುಗಿಸಲು ಬಿಡದಿದ್ದರೆ ಪರಿವಿಡಿಯೇ ಇಲ್ಲ. ಎಂಕೆವಿ ಹಾಗಲ್ಲ, ಎಲ್ಲಿ ನಿಂತಿತೋ ಅಲ್ಲಿಯವರೆಗೆ ಸಿಗುತ್ತದೆ. ಆಮೇಲೆ ಓಬಿಎಸ್‌ನ ಫೈಲ್ ಮೆನುವಿನ 'ರೀಮಕ್ಸ್ ರೆಕಾರ್ಡಿಂಗ್ಸ್'ನಲ್ಲಿ ಅದನ್ನು ಎಂಪಿ4 ಮಾಡಿಕೊಳ್ಳಬಹುದು. ಡಬ್ಬಿ ಬದಲಾಗುತ್ತದೆ ಅಷ್ಟೇ, ಚಿತ್ರಕ್ಕೆ ಏನೂ ಆಗುವುದಿಲ್ಲ. ಹೊಸ ಆವೃತ್ತಿಗಳಲ್ಲಿ 'ಹೈಬ್ರಿಡ್ ಎಂಪಿ4' ಅನ್ನುವ ಆಯ್ಕೆಯೂ ಇದೇ ಕಾರಣಕ್ಕೆ ಬಂದಿದೆ.

ಹಂತ 3: ಯಂತ್ರ ಎಷ್ಟು ಹೊರುತ್ತದೆ?

ಡಿಸ್ಕ್ ಲೆಕ್ಕಕ್ಕೆ ಒಂದು ಸಣ್ಣ ಸೂತ್ರ ಹೇಳುತ್ತೇನೆ. ಬಿಟ್‌ರೇಟ್ ಎಷ್ಟು ಮೆಗಾಬಿಟ್ ಇದೆಯೋ ಅದನ್ನು 0.45ರಿಂದ ಗುಣಿಸಿ. ಬರುವುದು ಒಂದು ಗಂಟೆಗೆ ಬೇಕಾದ ಜಿಬಿ. 24 ಮೆಗಾಬಿಟ್‌ನ ಎವಿಸಿಎಚ್‌ಡಿ ಗಂಟೆಗೆ ಸುಮಾರು 11 ಜಿಬಿ. ಅದನ್ನೇ ಎಡಿಟ್‌ಗೆ ಹಗುರಾಗಲಿ ಅಂತ ಆಪಲ್‌ನ ಪ್ರೋರೆಸ್ 422 ಕೋಡೆಕ್‌ಗೆ ಬದಲಿಸಿದರೆ, ಸೆಕೆಂಡಿಗೆ 30 ಫ್ರೇಮ್ ಹತ್ತಿರದ 1080ಕ್ಕೆ 147 ಮೆಗಾಬಿಟ್, ಅಂದರೆ ಗಂಟೆಗೆ 66 ಜಿಬಿ. ಒಂದಿಷ್ಟೂ ಹಿಂಡದ 8 ಬಿಟ್ ಎಚ್‌ಡಿ ಆದರೆ 450 ಜಿಬಿಯ ಹತ್ತಿರ. ಅದರ ಸಹವಾಸ ಬೇಡ.

ಪ್ರೊಸೆಸರ್ ವಿಷಯದಲ್ಲಿ ಕೋರ್‌ಗಳ ಲೆಕ್ಕಕ್ಕಿಂತ ನೋಡಬೇಕಾದದ್ದು, ನಿಮ್ಮ ಕೋಡೆಕ್ ಬಿಡಿಸಲು ಚಿಪ್‌ನಲ್ಲೇ ಪ್ರತ್ಯೇಕ ಭಾಗ ಇದೆಯೇ ಅನ್ನುವುದು. ಇಂಟೆಲ್‌ನವರ ಕ್ವಿಕ್ ಸಿಂಕ್ 2011ರಿಂದ ಇದೆ, ಎಎಂಡಿ, ಎನ್‌ವಿಡಿಯಾ, ಆಪಲ್ ಚಿಪ್‌ಗಳಲ್ಲೂ ಇಂಥದ್ದು ಇದೆ. 8 ಬಿಟ್ ಎಚ್.264 ಯಾವ ಚಿಪ್ಪಾದರೂ ಬಿಡಿಸುತ್ತದೆ. 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚು ಇಟ್ಟುಕೊಳ್ಳುವ ಬಗೆ) ಬಂದಾಗ ಹಳೆಯವು ಕೈ ಚೆಲ್ಲುತ್ತವೆ, ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಉಳಿದದ್ದು ಸುಲಭ: ರ‍್ಯಾಮ್ 16 ಜಿಬಿ ಇರಲಿ, ಫೂಟೇಜ್ ಎಸ್‌ಎಸ್‌ಡಿ ಮೇಲೆ ಇರಲಿ.

ಹಂತ 4: ಈಗ ಎಡಿಟರ್

ಮೊದಲು ನಿಮಗೆ ಎಡಿಟರ್ ಬೇಕೇ ಅಂತ ಕೇಳಿಕೊಳ್ಳಿ. ತಮಾಷೆ ಅಲ್ಲ. ತಲೆ, ಬಾಲ ಕತ್ತರಿಸಿ ನಡುವಿನ ಒಂದೆರಡು ತುಂಡು ತೆಗೆದರೆ ಸಾಕು ಅನ್ನುವವರಿಗೆ ಲಾಸ್‌ಲೆಸ್‌ಕಟ್ ಅನ್ನುವ ಉಚಿತ ಪ್ರೋಗ್ರಾಂ ಇದೆ. ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಹೊಸದಾಗಿ ಹಿಂಡದೆ, ಕತ್ತರಿಸುತ್ತದೆ. ಒಂದು ಗಂಟೆಯ ಫೈಲ್ ಕೂಡ ಕಾಪಿ ಆಗುವ ಹೊತ್ತಿನಲ್ಲಿ ಮುಗಿಯುತ್ತದೆ, ಗುಣಮಟ್ಟ ಇದ್ದ ಹಾಗೇ. ಒಂದೇ ಕೊರತೆ: ಕತ್ತರಿ ಬೀಳುವುದು ಪೂರ್ತಿ ಚಿತ್ರ ಇರುವ ಫ್ರೇಮಿನ ಮೇಲೆ. ನೀವು ಹೇಳಿದ ಜಾಗಕ್ಕಿಂತ ಸೆಕೆಂಡು ಎರಡು ಸೆಕೆಂಡು ಹಿಂದೆ ಮುಂದೆ ಆಗಬಹುದು.

ಅದಕ್ಕಿಂತ ಜಾಸ್ತಿ ಬೇಕು, ಆದರೆ ಕಂಪ್ಯೂಟರ್ ಸಾಧಾರಣ ಅನ್ನುವವರು ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ನೋಡಿ. ಎರಡೂ ಮುಕ್ತ ತಂತ್ರಾಂಶ, ಎರಡರ ಬೆನ್ನಿಗೂ ಬಹುತೇಕ ಕೋಡೆಕ್ ಓದಬಲ್ಲ ಎಫ್‌ಎಫ್‌ಎಂಪೆಗ್ ಅನ್ನುವ ತಂತ್ರಾಂಶ ಇರುವುದರಿಂದ ಸಿಕ್ಕಿದ ಫೈಲನ್ನೆಲ್ಲ ತೆರೆಯುತ್ತವೆ. ಶಾಟ್‌ಕಟ್ ನನಗೆ ಇಷ್ಟವಾಗುವುದು ಒಂದು ಸಣ್ಣ ವಿಷಯಕ್ಕೆ. ಏರಿಳಿಯುವ ಫ್ರೇಮ್ ರೇಟ್‌ನ ಫೈಲ್ ಹಾಕಿದರೆ ಅದು ತಾನಾಗಿ "ಎಡಿಟ್‌ಗೆ ಒಗ್ಗುವಂತೆ ಬದಲಿಸಲಾ?" ಅಂತ ಕೇಳುತ್ತದೆ. ಹಿಂದೆ ನನ್ನ ಒಂದು ವಾರ ಉಳಿಸಬಹುದಿದ್ದ ಪ್ರಶ್ನೆ ಅದು. ನೋಡಲು ಸ್ವಲ್ಪ ಒರಟು. ಟ್ರ್ಯಾಕ್ ಜಾಸ್ತಿ ಬಳಸುವವರಿಗೆ ಕೆಡೆನ್‌ಲೈವ್ ಹಿತ.

ಡಾವಿಂಚಿ ರಿಸಾಲ್ವ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಮೂಲತಃ ಸಿನಿಮಾಗಳ ಬಣ್ಣ ತಿದ್ದುವ ವ್ಯವಸ್ಥೆ, 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಅದನ್ನು ಕೊಂಡಿತು. ಉಚಿತ ಆವೃತ್ತಿಯಲ್ಲೇ 3840 × 2160ರವರೆಗೆ, ಸೆಕೆಂಡಿಗೆ 60 ಫ್ರೇಮ್‌ವರೆಗೆ ಹೊರತೆಗೆಯಬಹುದು. ಎಚ್‌ಡಿ ಕೆಲಸಕ್ಕೆ ಧಾರಾಳ. ಬಣ್ಣಕ್ಕೆ ಇದನ್ನು ಮೀರಿಸುವುದು ಕಷ್ಟ. ಆದರೆ ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯನ್ನು ನುಂಗುತ್ತದೆ, 4 ಜಿಬಿಗಿಂತ ಕಮ್ಮಿ ಇದ್ದರೆ ತಲೆನೋವು. ಚಿತ್ರದ ಕಾಳು ಕಾಳು ತೆಗೆಯುವ ನಾಯ್ಸ್ ರಿಡಕ್ಷನ್ ಹಣ ಕೊಟ್ಟ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ. ಲಿನಕ್ಸ್‌ನ ಉಚಿತ ಆವೃತ್ತಿಗೆ ಎಚ್.264, ಎಚ್.265 ಜೊತೆ ಆಗಿಬರುವುದಿಲ್ಲ. ಇನ್ನೊಂದು ಮಾತು: ಪ್ರಾಜೆಕ್ಟ್ ಶುರು ಮಾಡಿದ ಕೂಡಲೇ ಫ್ರೇಮ್ ರೇಟ್ ಸರಿ ಇದೆಯೇ ನೋಡಿಕೊಳ್ಳಿ. ಫೂಟೇಜ್ ಒಳಗೆ ಬಂದ ಮೇಲೆ ರಿಸಾಲ್ವ್ ಅದನ್ನು ಬದಲಿಸಲು ಬಿಡುವುದಿಲ್ಲ.

ಮ್ಯಾಕ್ ಇದ್ದವರಿಗೆ ಐಮೂವಿಯಿಂದ ಶುರು ಮಾಡಿ, ಸಾಲದಾದಾಗ ಫೈನಲ್ ಕಟ್ ಪ್ರೊಗೆ ಹೋಗುವುದು ಸಹಜ ದಾರಿ. ಫೈನಲ್ ಕಟ್ ಮ್ಯಾಕ್‌ಗೆಂದೇ ಮಾಡಿದ್ದರಿಂದ ಅದೇ ಯಂತ್ರದಲ್ಲಿ ಅದೇ ಫೂಟೇಜ್ ಬಹಳ ಚುರುಕಾಗಿ ಓಡುತ್ತದೆ. ವಿಂಡೋಸ್ 11ರಲ್ಲಿ ಬರುವ ಕ್ಲಿಪ್‌ಚಾಂಪ್ ಚಿಕ್ಕಪುಟ್ಟದ್ದಕ್ಕೆ ಸರಿ. ಅಡೋಬಿ ಪ್ರೀಮಿಯರ್ ಪ್ರೊ ತೆಗೆದುಕೊಳ್ಳಿ ಅಂತ ನಾನು ಹೇಳುವುದು ಇನ್ನೊಬ್ಬರ ಜೊತೆ ಪ್ರಾಜೆಕ್ಟ್ ಹಂಚಿಕೊಳ್ಳುವವರಿಗೆ, ಅದೇ ಕಂಪನಿಯ ಗ್ರಾಫಿಕ್ಸ್ ಪ್ರೋಗ್ರಾಂ ಆಫ್ಟರ್ ಎಫೆಕ್ಟ್ಸ್ ಬಳಸುವವರಿಗೆ. ಒಬ್ಬರೇ ಕೂತು ವರ್ಷಕ್ಕೆ ನಾಲ್ಕು ವಿಡಿಯೊ ಮಾಡುವವರಿಗೆ ಚಂದಾ ಕಟ್ಟುವುದು ಭಾರ. ಚಂದಾ ನಿಲ್ಲಿಸಿದ ದಿನ ಹಳೆಯ ಪ್ರಾಜೆಕ್ಟ್‌ಗಳಿಗೂ ಬೀಗ ಬೀಳುತ್ತದೆ.

ಹಂತ 5: ಕಠಿಣವಾದ ಮೂರು ನಿಮಿಷದಲ್ಲಿ ಪರೀಕ್ಷೆ

ಎರಡು ಎಡಿಟರ್ ಆರಿಸಿಕೊಳ್ಳಿ, ಐದು ಬೇಡ. ನಿಮ್ಮ ಫೂಟೇಜ್‌ನಲ್ಲೇ ಅತಿ ಕಷ್ಟದ ಮೂರು ನಿಮಿಷ ಹುಡುಕಿ. ಗಾಳಿಗೆ ಅಲುಗುವ ಎಲೆ, ಹರಿಯುವ ನೀರು, ಕತ್ತಲಲ್ಲಿ ತೆಗೆದದ್ದು, ಜನ ಓಡಾಡುವ ಜಾಗ. ಸಾಫ್ಟ್‌ವೇರ್ ತಯಾರಕರು ಕೊಡುವ ಮಾದರಿ ಕ್ಲಿಪ್ ಎಲ್ಲ ಕಡೆಯೂ ಚೆನ್ನಾಗಿಯೇ ಓಡುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಆ ಮೂರು ನಿಮಿಷದಲ್ಲಿ ಹತ್ತು ಕಡೆ ಕತ್ತರಿಸಿ. ಒಂದರ ಮೇಲೊಂದು ಎರಡು ಪದರ ಹಾಕಿ. ಬಣ್ಣ ಸ್ವಲ್ಪ ತಿದ್ದಿ. ಒಂದು ಕನ್ನಡ ಶೀರ್ಷಿಕೆ ಬರೆಯಿರಿ. ಇದನ್ನು ಮರೆಯಬೇಡಿ. ನಾನು ಯಾವಾಗಲೂ 'ಸ್ವಾತಂತ್ರ್ಯ' ಅಂತ ಬರೆದು ನೋಡುತ್ತೇನೆ. ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದರೆ ಆ ಎಡಿಟರ್‌ಗೆ ನಮ್ಮ ಲಿಪಿ ಜೋಡಿಸಲು ಬರುವುದಿಲ್ಲ. ಪ್ರೀಮಿಯರ್‌ನಲ್ಲಿ ಹೀಗಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯದ್ದಕ್ಕೆ ಬದಲಿಸಿ. ಬೇರೆ ಎಡಿಟರ್‌ಗಳಲ್ಲಿ ದಾರಿ ಕಾಣದಿದ್ದರೆ ಶೀರ್ಷಿಕೆಯನ್ನು ಬೇರೆ ಪ್ರೋಗ್ರಾಂನಲ್ಲಿ ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಮಾಡಿ ತಂದು ಹಾಕಬಹುದು. ಎರಡು ಶೀರ್ಷಿಕೆಗೆ ಪರವಾಗಿಲ್ಲ. ಇಡೀ ವಿಡಿಯೊಗೆ ಸಬ್‌ಟೈಟಲ್ ಹಾಕುವವರಿಗೆ ಇದು ಆಗದ ಮಾತು.

ಆಮೇಲೆ ಎಕ್ಸ್‌ಪೋರ್ಟ್ ಮಾಡಿ, ಎಷ್ಟು ಹೊತ್ತು ಹಿಡಿಯಿತು ಬರೆದುಕೊಳ್ಳಿ. ಪ್ರೋಗ್ರಾಂ ಮುಚ್ಚಿ, ಮತ್ತೆ ತೆರೆದು ಪ್ರಾಜೆಕ್ಟ್ ಹಾಗೇ ಇದೆಯೇ ನೋಡಿ. ಮೂಲೆಯಲ್ಲಿ ಕಂಪನಿಯ ಮುದ್ರೆ ಬಿದ್ದಿದೆಯಾ ಅಂತಲೂ ನೋಡಿ. 'ಉಚಿತ' ಅಂತ ಹಾಕಿಸಿಕೊಂಡು ಎಕ್ಸ್‌ಪೋರ್ಟ್ ಹೊತ್ತಿಗೆ ಮುದ್ರೆ ಒತ್ತುವವು ಬೇಕಾದಷ್ಟಿವೆ.

ಹಂತ 6: ತೆವಳುತ್ತಿದ್ದರೆ ಎಡಿಟರ್ ಬದಲಿಸಬೇಡಿ, ಪ್ರಾಕ್ಸಿ ಮಾಡಿ

ಪ್ರಾಕ್ಸಿ ಅಂದರೆ ಮೂಲ ಫೂಟೇಜ್‌ನ ಹಗುರ ನಕಲು. 960 × 540ರ ಚಿಕ್ಕ ಫೈಲ್‌ಗಳಲ್ಲಿ ಕತ್ತರಿ ಆಡಿಸುತ್ತೀರಿ. ಎಕ್ಸ್‌ಪೋರ್ಟ್ ಹೊತ್ತಿಗೆ ಎಡಿಟರ್ ಮೂಲವನ್ನೇ ಎತ್ತಿಕೊಳ್ಳುತ್ತದೆ. ರಿಸಾಲ್ವ್, ಪ್ರೀಮಿಯರ್, ಫೈನಲ್ ಕಟ್, ಕೆಡೆನ್‌ಲೈವ್, ಶಾಟ್‌ಕಟ್ ಎಲ್ಲದರಲ್ಲೂ ಈ ಸೌಲಭ್ಯ ಇದೆ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಸಿದ್ಧ. ಬಣ್ಣ ತಿದ್ದುವಾಗ, ಫೋಕಸ್ ಸರಿ ಇದೆಯೇ ನೋಡುವಾಗ ಮಾತ್ರ ಪ್ರಾಕ್ಸಿ ಆಫ್ ಮಾಡಿ ಮೂಲ ನೋಡಿ.

ಬಣ್ಣದ ಕೆಲಸ ಜಾಸ್ತಿ ಇದ್ದವರು ಪ್ರೋರೆಸ್ ಅಥವಾ ಆವಿಡ್‌ನವರ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಫೂಟೇಜನ್ನೇ ಬದಲಿಸಿಕೊಳ್ಳಬಹುದು. ಇವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರುತ್ತದೆ, ಹಾಗಾಗಿ ಎಲ್ಲಿ ಬೇಕಾದರೂ ನಿಂತು ನೋಡಬಹುದು. ಇದರಿಂದ ಚಿತ್ರ ಮೊದಲಿಗಿಂತ ಚೆನ್ನಾಗುತ್ತದೆ ಅಂದುಕೊಳ್ಳಬೇಡಿ. ಕ್ಯಾಮೆರಾ ಬಿಟ್ಟುಕೊಟ್ಟ ವಿವರ ವಾಪಸ್ ಬರುವುದಿಲ್ಲ.

ಹಂತ 7: ಹೊರಗೆ ತೆಗೆಯುವಾಗ

ಯೂಟ್ಯೂಬ್‌ಗೆ ಹಾಕುವುದಾದರೆ ಎಂಪಿ4 ಡಬ್ಬಿ, ಎಚ್.264, ಎಎಸಿ ಧ್ವನಿ 48 ಕಿಲೋಹರ್ಟ್ಸ್. 1080 ವಿಡಿಯೊಗೆ ಯೂಟ್ಯೂಬ್ ಹೇಳುವ ಬಿಟ್‌ರೇಟ್ ಸೆಕೆಂಡಿಗೆ 30 ಫ್ರೇಮ್‌ವರೆಗೆ 8 ಮೆಗಾಬಿಟ್, 60ಕ್ಕೆ 12. ಅಪ್‌ಲೋಡ್ ಆದ ಮೇಲೆ ಅವರು ಹೇಗೂ ಮತ್ತೆ ಹಿಂಡುತ್ತಾರೆ, ಹಾಗಾಗಿ ನಾನು ಇದರ ಎರಡರಷ್ಟು ಇಟ್ಟು ಕಳಿಸುತ್ತೇನೆ. 25ರಲ್ಲಿ ತೆಗೆದದ್ದನ್ನು 30ರಲ್ಲಿ ಹೊರಹಾಕಬೇಡಿ, ಕ್ಯಾಮೆರಾ ತಿರುಗುವಾಗ ಚಿತ್ರ ಮುಗ್ಗರಿಸುತ್ತದೆ. ನಿಮ್ಮ ಬಳಿ ಇಟ್ಟುಕೊಳ್ಳಲು ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಇನ್ನೊಂದು ಪ್ರತಿ ತೆಗೆದಿಡಿ. ನಾಳೆ ಬೇರೆ ಅಳತೆಯಲ್ಲಿ ಬೇಕಾದರೆ ಅದರಿಂದ ಮಾಡಬಹುದು.

ಎಕ್ಸ್‌ಪೋರ್ಟ್ ಆದ ಫೈಲಿನ ಕೊನೆಯ ನಿಮಿಷಕ್ಕೆ ಮೊದಲು ಹೋಗಿ. ಧ್ವನಿ ಸರಿದಿದ್ದರೆ ಅದು ತೋರುವುದು ಅಲ್ಲೇ, ಶುರುವಿನಲ್ಲಿ ಅಲ್ಲ. ತುಟಿ ಮತ್ತು ಮಾತು ಕೂಡಿದ್ದರೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡಿ, ಓಡಿಸದೆ, ಹೆಡ್‌ಫೋನ್ ಹಾಕಿಕೊಂಡು. ಎಡಿಟ್ ಮಾಡಿದ ಕಂಪ್ಯೂಟರಿನಲ್ಲಿ ಬೇಡ, ಬೇರೆ ಯಾವುದಾದರೂ ಪರದೆಯಲ್ಲಿ. ಅಷ್ಟಾದ ಮೇಲೆ, ಮೂಲ ಫೂಟೇಜ್ ಎರಡು ಬೇರೆ ಡಿಸ್ಕ್‌ಗಳಲ್ಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಕಾರ್ಡ್ ಫಾರ್ಮ್ಯಾಟ್ ಮಾಡಿ.